ಮೊಲ ಎತ್ತ ಹೋಯಿತು?

ನನ್ನ ಮೇಜಿನ ಎದುರು ಗೋಡೆಯಲ್ಲಿ ಒಂದು ಚಿತ್ರವಿದೆ. ರೊಮೇನಿಯಾದ ಕಲಾವಿದೆಯೊಬ್ಬರು ಕಪ್ಪು ಶಾಯಿಯಲ್ಲಿ ಬರೆದದ್ದು. ಬ್ರಶೋವ್ ಊರಿಗೆ ಹೋಗಿದ್ದ ಗೆಳೆಯ ತಂದುಕೊಟ್ಟ. ಅಲ್ಲಿನ ಕಾರ್ಪೇಥಿಯನ್ ಬೆಟ್ಟಗಳ ಕಾಡಿನ ಪ್ರಾಣಿಗಳ ಚಿತ್ರ ಅಂದ. ನೋಡಿದರೆ ಪ್ರಾಣಿಯೇ ಇಲ್ಲ, ಬರೀ ಹೆಜ್ಜೆಗಳು! ಖಾಲಿ ಬಿಟ್ಟ ಕಾಗದವೇ ಹಿಮ. ಮರ, ಬೆಟ್ಟದ ತಾಪತ್ರಯವೇ ಇಲ್ಲ.

ಕರಡಿಯದು ಥಟ್ಟನೆ ಗೊತ್ತಾಗುತ್ತದೆ. ಹಿಂಗಾಲಿನ ಗುರುತು ಬರಿಗಾಲಲ್ಲಿ ನಡೆದ ದಢೂತಿ ಮನುಷ್ಯನದೇ ಅನ್ನಬೇಕು. ಐದು ಬೆರಳು, ತುದಿಯಲ್ಲಿ ಉಗುರಿನ ಚುಕ್ಕೆ. ಅಲ್ಲಿ ಕುಂಚ ಒತ್ತಿ ಹಿಡಿದಿದ್ದಾರೆ. ಶಾಯಿ ಅಂಚಿಗೆ ಒಸರಿದೆ. ನರಿಯದು ದಾರಕ್ಕೆ ಪೋಣಿಸಿದಂಥ ಸಾಲು. ಮುಂಗಾಲು ಬಿದ್ದ ಕುಳಿಯಲ್ಲೇ ಹಿಂಗಾಲು ಇಡುವ ಜಿಪುಣ ನಡಿಗೆ. ಇನ್ನೊಂದು ಲಿಂಕ್ಸ್, ದೊಡ್ಡ ಕಾಡುಬೆಕ್ಕು. ಉಗುರು ಒಳಗೆಳೆದುಕೊಂಡೇ ನಡೆಯುತ್ತದೆ, ಹಾಗಾಗಿ ಉಗುರಿನ ಗುರುತಿಲ್ಲ. ರೊಮೇನಿಯನ್ ಭಾಷೆಯಲ್ಲಿ ಈ ಪ್ರಾಣಿಗೂ ನಗುವಿಗೂ ಒಂದೇ ಪದ.

ನನಗೆ ಕಾಟ ಕೊಟ್ಟದ್ದು ಮೊಲ. ಎರಡು ಚಿಕ್ಕ ಚುಕ್ಕೆ ಒಂದರ ಹಿಂದೊಂದು, ಎರಡು ಉದ್ದನೆಯವು ಅಕ್ಕಪಕ್ಕ. ಉಳಿದವೆಲ್ಲ ಕೆಳಕ್ಕೆ ಇಳಿಯುತ್ತಿದ್ದರೆ ಇದೊಂದು ಮೇಲಕ್ಕೆ ಓಡುತ್ತಿತ್ತು, ನೇರ ನರಿಯ ಬಾಯಿಗೆ. ಪೆದ್ದು ಅಂತ ತಿಂಗಳುಗಟ್ಟಲೆ ಮರುಗಿದೆ. ಆಮೇಲೆ ತಿಳಿಯಿತು, ಪೆದ್ದು ನಾನೇ. ಮೊಲ ನೆಗೆದಾಗ ಮುಂಗಾಲು ಮೊದಲು ಊರುತ್ತದೆ, ಹಿಂಗಾಲು ಅದನ್ನು ದಾಟಿ ಮುಂದೆ ಬೀಳುತ್ತದೆ. ಉದ್ದನೆಯ ಗುರುತು ಇರುವ ಕಡೆಗೇ ಮೊಲ ಹೋಗಿದ್ದು. ಅಂದರೆ ಅದೂ ಇಳಿಯುತ್ತಿತ್ತು, ನರಿಗಿಂತ ಎಷ್ಟೋ ಮುಂದೆ.

ಈ ಸಂಶೋಧನೆಯನ್ನು ಗೆಳೆಯ ಮನೆಗೆ ಬಂದಾಗ ಜಂಬದಿಂದ ಹೇಳಿದೆ. ಅವನು ಚಿತ್ರ ನೋಡಿದ, ನನ್ನನ್ನು ನೋಡಿದ.

"ತಲೆಕೆಳಗಾಗಿ ತೂಗುಹಾಕಿದ್ದೀಯಲ್ಲೋ ಮಾರಾಯ!"

ಮೇಲೆ ಎಡಮೂಲೆಯಲ್ಲಿ ಹಕ್ಕಿಯ ಕಾಲು ಅಂತ ನಾನು ಅಂದುಕೊಂಡಿದ್ದು ಕಲಾವಿದೆಯ ಸಹಿ. ಪ್ರಾಣಿಗಳೆಲ್ಲ ಬೆಟ್ಟ ಹತ್ತುತ್ತಿದ್ದವಂತೆ. ಲಿಂಕ್ಸ್ ಇಷ್ಟು ದಿನ ನಕ್ಕಿದ್ದು ಯಾರನ್ನು ನೋಡಿ ಅಂತ ಆಗ ಗೊತ್ತಾಯಿತು.

ತಿರುಗಿಸೋಣ ಅಂದರೆ ಚೌಕಟ್ಟಿನ ಕೊಂಡಿ ಒಂದೇ ಕಡೆ ಇದೆ. ಅದನ್ನು ಹಾಕಿಸಿದವನೂ ನಾನೇ. "ಇರಲಿ ಬಿಡು" ಅಂದ ಗೆಳೆಯ. ಆ ದೇಶದಲ್ಲಿ 10,000ಕ್ಕೂ ಜಾಸ್ತಿ ಕರಡಿಗಳಿವೆಯಂತೆ. ಬ್ರಶೋವ್‌ನಲ್ಲಿ ರಾತ್ರಿ ಹೊತ್ತು ಕಸದ ಡಬ್ಬಿ ಹುಡುಕಿಕೊಂಡು ಬೆಟ್ಟ ಇಳಿದು ಬರುತ್ತವಂತೆ.

ನಮ್ಮನೆ ಕರಡಿ ಇನ್ನೂ ಇಳಿಯುತ್ತಲೇ ಇದೆ.