ಸ್ಪಷ್ಟನೆ: 2018ರ ಹಾಡು ಹಳೇದಕ್ಕೆ ಪಾಲಿಶ್ ಹೊಡೆದದ್ದಲ್ಲ

ಬೆಳಗಾವಿಯ ನಮ್ಮ ಗಿಟಾರ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಅಮೆರಿಕದ ರಾಕ್ ತಂಡ ಕಾರ್ ಸೀಟ್ ಹೆಡ್‌ರೆಸ್ಟ್‌ನ ‘ಬೀಚ್ ಲೈಫ್ ಇನ್ ಡೆತ್’ ಹಾಡು 2018ರಲ್ಲಿ ಮತ್ತೆ ಬಂದಿತಲ್ಲ, ಅದು ಹಳೇ ರೆಕಾರ್ಡಿಂಗೇ, ಸುಮ್ನೆ ಸದ್ದು ಚೊಕ್ಕ ಮಾಡಿದ್ದಾರೆ ಅಂತ. ಮೊದಲು ಹಾಕಿದವನು ನಾನೇ. ತಪ್ಪು ನನ್ನದು.

2011ರಲ್ಲಿ ಈ ತಂಡ ಕಟ್ಟಿದ ಹಾಡುಗಾರ ವಿಲ್ ಟೊಲೆಡೊ ಈ ಹಾಡಿರುವ ‘ಟ್ವಿನ್ ಫ್ಯಾಂಟಸಿ’ ಆಲ್ಬಮನ್ನು ತಾನೇ ಬ್ಯಾಂಡ್‌ಕ್ಯಾಂಪ್ ಅನ್ನೋ ಸಂಗೀತದ ವೆಬ್‌ಸೈಟಿನಲ್ಲಿ ಹಾಕಿದರು. ಆಗ ವಯಸ್ಸು 19. ಹಿಂದೆ ಕಂಪನಿ ಇಲ್ಲ, ಪ್ರಚಾರ ಇಲ್ಲ. ಕೇಳಿದವರು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಅದು ಹಬ್ಬಿತು. ಮ್ಯಾಟಡಾರ್ ಅನ್ನೋ ರೆಕಾರ್ಡ್ ಕಂಪನಿ ಕೈಹಿಡಿದದ್ದು 2015ರಲ್ಲಿ. ಆಮೇಲೆ ತಂಡದ ಜೊತೆ ಕೂತು ಇಡೀ ಆಲ್ಬಮನ್ನು ಹೊಸದಾಗಿ ನುಡಿಸಿ, ಹಾಡಿ ರೆಕಾರ್ಡ್ ಮಾಡಿ 2018ರಲ್ಲಿ ಹೊರತಂದರು. ಅಲ್ಲಲ್ಲಿ ಸಾಲುಗಳೂ ಬದಲಾಗಿವೆ. ಇದೇ ಆಲ್ಬಮ್‌ನ ‘ಫೇಮಸ್ ಪ್ರಾಫೆಟ್ಸ್’ ಅಂತೂ ಸುಮಾರು 10 ನಿಮಿಷದಿಂದ 16 ನಿಮಿಷಕ್ಕೆ ಬೆಳೆಯಿತು. ಬರೀ ಪಾಲಿಶ್ ಹೊಡೆದರೆ ಹಾಡು ಉದ್ದ ಆಗುತ್ತಾ?

ನಿನ್ನೆ ರಾತ್ರಿ ಟಿಳಕವಾಡಿಯ ರೂಮಿನಲ್ಲಿ ಇಯರ್‌ಫೋನ್ ಹಾಕಿ ಎರಡನ್ನೂ ಬೆನ್ನುಬೆನ್ನಿಗೆ ಕೇಳಿದೆ. ಹಳೇದರಲ್ಲಿ ಡ್ರಮ್ಸ್ ಗೋಡೆಯಾಚೆ ಬಾರಿಸಿದ ಹಾಗೆ ಮಂದ. ಹೊಸದರಲ್ಲಿ ಏಟು ಏಟೂ ಬೇರೆ ಕೇಳಿಸುತ್ತದೆ. ಚಹಾ ಆರಿ ತಣ್ಣಗಾಗಿತ್ತು. ನನಗೆ ಈಗಲೂ ಹಳೇದೇ ಜಾಸ್ತಿ ಇಷ್ಟ, ಅದು ಬೇರೆ ಮಾತು.

ತಂಡದ ಹೆಸರಿನ ಹಿಂದಿನ ಕಾರಿನ ಕಥೆ ಮಾತ್ರ ನಿಜ. ಶುರುವಿನ ದಿನಗಳಲ್ಲಿ ಟೊಲೆಡೊ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹಾಡಿ ರೆಕಾರ್ಡ್ ಮಾಡುತ್ತಿದ್ದರು. ತಂಡದ ಹೆಸರು ಬಂದದ್ದು ಅಲ್ಲಿಂದ.

ಹುಡುಕುವವರಿಗೆ: ಆಲ್ಬಮ್ ಹೆಸರಿನ ಜೊತೆ ‘ಮಿರರ್ ಟು ಮಿರರ್’ ಅಂತಿದ್ದರೆ ಹಳೇದು, ‘ಫೇಸ್ ಟು ಫೇಸ್’ ಅಂತಿದ್ದರೆ ಹೊಸದು.