ಒಂದು ಲೋಟ ನೀರಿಗೆ ಎಷ್ಟು ಸ್ಟಾರ್?

ನಮ್ಮ ಮಗಳಿಗೆ ಐದು ವರ್ಷ. ಹಲ್ಲುಜ್ಜು ಅಂದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಕೂಗಿ ಕೂಗಿ ನಮ್ಮ ಗಂಟಲು ಹೋಯಿತೇ ಹೊರತು ಅವಳ ಹಲ್ಲು ಬೆಳ್ಳಗಾಗಲಿಲ್ಲ. ಕೊನೆಗೆ ಫ್ರಿಜ್ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದೆ. ಹಲ್ಲುಜ್ಜಿದರೆ ಒಂದು ಸ್ಟಾರ್, ಆಟದ ಸಾಮಾನು ಎತ್ತಿಟ್ಟರೆ ಒಂದು. ಹತ್ತಾದರೆ ಐಸ್‌ಕ್ರೀಮ್.

"ಲಂಚ ಕೊಟ್ಟು ಮಗು ಬೆಳೆಸ್ತೀಯೇನೋ? ನಿನ್ನ ನಾನು ಹಾಗೆ ಬೆಳೆಸಿದ್ನಾ?" ಅಂದಳು ಅಮ್ಮ. ನನ್ನನ್ನು ಬೆಳೆಸಿದ್ದು ಊದುಕೊಳವೆಯಿಂದ. ಸುಮ್ನೆ ಯಾಕೆ ಅಂತ ನೆನಪಿಸಲು ಹೋಗಲಿಲ್ಲ.

ಮೊದಲ ವಾರ ಮನೆ ಸ್ವರ್ಗ. ಎರಡನೇ ವಾರ ಟೂತ್‌ಪೇಸ್ಟ್ ಖಾಲಿ. ದಿನಕ್ಕೆ ಐದು ಸಲ ಉಜ್ಜುತ್ತಿದ್ದಳು! ಆಟದ ಸಾಮಾನಿನದು ಇನ್ನೂ ಚೆನ್ನ. ಬುಟ್ಟಿ ತಂದು ನಡುಮನೆಯಲ್ಲಿ ಸುರಿಯುವುದು, ಹೆಕ್ಕಿ ತುಂಬುವುದು, ಸ್ಟಾರ್ ಕೇಳುವುದು, ಮತ್ತೆ ಸುರಿಯುವುದು. ಹಾಕಿದ ರಸ್ತೆಯನ್ನೇ ಅಗೆದು ಮುಚ್ಚಿ ಬಿಲ್ ಮಾಡುವ ಕಂಟ್ರಾಕ್ಟರುಗಳ ವಿದ್ಯೆ ಇವಳಿಗೆ ಯಾರು ಹೇಳಿಕೊಟ್ಟರೋ.

ಒಂದು ಸಂಜೆ ಅಮ್ಮ, "ಪುಟ್ಟೀ, ಒಂದು ಲೋಟ ನೀರು ತಾರಮ್ಮ" ಅಂದಳು.

"ಎಷ್ಟು ಸ್ಟಾರ್ ಅಜ್ಜಿ?"

"ಒಂದು."

"ಅರ್ಧ ಲೋಟಕ್ಕೆ ಒಂದು. ತುಂಬಾ ಬೇಕಾದ್ರೆ ಎರಡು."

ರಾತ್ರಿ ಮೊಬೈಲ್‌ನಲ್ಲಿ ಹುಡುಕಿದೆ. 1973ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಇದರ ಬಗ್ಗೆ ಬರೆದುಬಿಟ್ಟಿದ್ದಾರೆ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಿಗೆ, ಬಿಡಿಸಿದರೆ ಬಂಗಾರದ ಬಣ್ಣದ ಸ್ಟಾರ್ ಇರುವ ಸರ್ಟಿಫಿಕೇಟ್ ಅಂತ ಮೊದಲೇ ಆಸೆ ತೋರಿಸಿದರಂತೆ. ಆಮೇಲೆ ಆ ಮಕ್ಕಳು ಪೆನ್ನು ಹಿಡಿಯುವುದು ಉಳಿದವರಿಗಿಂತ ಅರ್ಧಕ್ಕರ್ಧ ಕಮ್ಮಿಯಾಯಿತಂತೆ. ಮೊದಲು ಹೇಳದೆ ಆಮೇಲೆ ಕೊಟ್ಟವರಿಗೆ ಹಾಗಾಗಲಿಲ್ಲ. ಓದುತ್ತಾ ಹೊಟ್ಟೆ ಚುರುಕ್ ಅಂತು. ಹಲ್ಲುಜ್ಜುವುದು ನಮ್ಮವಳಿಗೆ ಯಾವತ್ತೂ ಇಷ್ಟವಿರಲಿಲ್ಲ, ಬಿಡಿ. ಆದರೆ ಅಜ್ಜಿಗೆ ನೀರು ಕೊಡುವುದು, ಅರ್ಧ ಚೆಲ್ಲಿಕೊಂಡಾದರೂ ಸರಿ, ಅವಳೇ ಓಡಿಬಂದು ಮಾಡುತ್ತಿದ್ದ ಕೆಲಸ.

ಬೆಳಿಗ್ಗೆ ಎದ್ದವನೇ ಚಾರ್ಟ್ ಕಿತ್ತೆ. ಎರಡು ದಿನ ಗಲಾಟೆ. ಮೂರನೇ ದಿನ ನೋಡಿದರೆ ಕೇಳದೆಯೇ ಅಜ್ಜಿಗೆ ನೀರು ಕೊಡುತ್ತಿದ್ದಾಳೆ, ಕನ್ನಡಕ ಹುಡುಕಿಕೊಡುತ್ತಿದ್ದಾಳೆ! ಎದೆಯುಬ್ಬಿಸಿಕೊಂಡು ಹೆಂಡತಿಗೆ 1973ರ ಕಥೆಯನ್ನು ಇನ್ನೊಂದು ಸಲ ಹೇಳಿದೆ.

ಅವಳು ಮಾತಾಡಲಿಲ್ಲ. ಒಗೆಯಲು ಹಾಕಿದ್ದ ಮಗಳ ಫ್ರಾಕ್ ಎತ್ತಿ ತೋರಿಸಿದಳು. ಜೇಬಿನ ಸುತ್ತ ಇರುವೆ ಸಾಲು. ಒಳಗೆ ಜಿಗುಟು ಹಿಡಿದ ನಾಲ್ಕು ಚೂರು ಕಲ್ಲುಸಕ್ಕರೆ, ದೇವರ ಮನೆ ಡಬ್ಬಿಯದು.

ಅಮ್ಮ ಆ ಕಡೆ ತಿರುಗಿ ಬಹಳ ಶ್ರದ್ಧೆಯಿಂದ ಬತ್ತಿ ಹೊಸೆಯುತ್ತಿದ್ದಳು.