ಅದು ಸೋಮಾರಿತನ ಅಲ್ಲ

ತಲೆಗೆ ಪೆಟ್ಟಾದವರು ಮನಸ್ಸು ಗಟ್ಟಿ ಮಾಡಿಕೊಂಡರೆ ಚೇತರಿಸಿಕೊಳ್ಳಬಹುದು ಎಂದು ಬರೆದಿದ್ದೀರಿ. ಒಂದು ಮಾತು ಸೇರಿಸಬೇಕು ಅನ್ನಿಸಿತು. ಮೆದುಳಿನ ಮುಂಭಾಗಕ್ಕೆ ಏಟು ಬಿದ್ದರೆ ಮನಸ್ಸು ಮಾಡುವ ಶಕ್ತಿಯೇ ಕುಗ್ಗಬಹುದು. ಕೆಲಸ ಶುರು ಮಾಡುವುದೇ ಕಷ್ಟ. ನನ್ನ ತಮ್ಮ ಸುಮ್ನೆ ಕೂತಿರುತ್ತಿದ್ದಾಗ ನಾನೂ ಬೈದಿದ್ದೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಸಾಮಾನ್ಯವಾಗಿ ಮೊದಲ 6 ತಿಂಗಳು ಚೇತರಿಕೆ ಬೇಗ ಕಾಣುತ್ತದೆ, ಆಮೇಲೆ ನಿಧಾನ. ಜನ ಎದೆಗುಂದುವುದು ಆಗಲೇ. ಆದರೆ ವರ್ಷಗಳ ನಂತರವೂ ಸುಧಾರಣೆ ಆಗಬಹುದು. ನಮಗೆ ನೆರವಾಗಿದ್ದು ಒಂದು ನೋಟ್‌ಬುಕ್. ಅವನು ದಿನಾ ಒಂದೇ ಸಾಲು ಬರೆಯುತ್ತಿದ್ದ. ಬೇಜಾರಾದಾಗ ಹಳೇ ಪುಟ ತೆಗೆದು ತೋರಿಸುತ್ತಿದ್ದೆ. ‘ಶರ್ಟಿನ ಗುಂಡಿ ಹಾಕಲು 10 ನಿಮಿಷ’ ಅಂತ ಅದರಲ್ಲಿತ್ತು. ಓದಿ ನಗುತ್ತಿದ್ದ.

ಸುಸ್ತಾದ ದಿನ ಮಾತ್ರ ಬಲವಂತ ಮಾಡಬೇಡಿ. ಪೆಟ್ಟು ತಿಂದ ಮೆದುಳು ಬೇಗ ದಣಿಯುತ್ತದೆ, ಅಲ್ವಾ?